ವಿಷಕ್ಕೆ ಔಷಧಿ ಎಂಬ ಹೆಸರು

ಬೆಂಗಳೂರಿನ ಗಿರಿನಗರದ ನಮ್ಮ ರಸ್ತೆಗೆ ತಿಂಗಳಿಗೊಮ್ಮೆ ಒಬ್ಬ ಹುಡುಗ ಬರುತ್ತಾನೆ. ಬೆನ್ನಿಗೆ ಹದಿನಾರು ಲೀಟರಿನ ಟ್ಯಾಂಕು, ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಕರ್ಚೀಫು, ಕೈ ಬರಿಗೈ. ಹಿಂದಿನ ರಾತ್ರಿಯೇ ವಾಟ್ಸ್ಯಾಪ್ ಗುಂಪಿಗೆ ಸೂಚನೆ ಬಂದಿರುತ್ತದೆ: ನಾಳೆ ಬೆಳಿಗ್ಗೆ ಗಿಡಗಳಿಗೆ ಔಷಧಿ ಹೊಡೆಯಲಾಗುವುದು, ಕಿಟಕಿ ಮುಚ್ಚಿಕೊಳ್ಳಿ, ಮಕ್ಕಳನ್ನು ಹೊರಗೆ ಬಿಡಬೇಡಿ, ನಾಯಿಯನ್ನು ಒಳಗೆ ಕಟ್ಟಿ. ಎಲ್ಲರೂ ಕೈಮುಗಿದ ಚಿತ್ರ ಹಾಕಿ ಮಲಗುತ್ತಾರೆ. ಮಕ್ಕಳನ್ನು ಕೂಡಿಹಾಕಿ ಕೊಡಬೇಕಾದ ಔಷಧಿ ಯಾವುದಪ್ಪಾ ಎಂದು ಒಬ್ಬರೂ ಕೇಳುವುದಿಲ್ಲ. ನಮ್ಮ ಮಕ್ಕಳಿಗೆ ಕಿಟಕಿಯಿದೆ. ಆ ಹುಡುಗನಿಗೆ ಏನಿದೆ ಎಂದೂ ಕೇಳುವುದಿಲ್ಲ.

ಹುಳ ಕಂಡರೆ ಹೊಡೆಯಬೇಕು, ಹುಳವಿಲ್ಲದ ಗಿಡವೇ ಆರೋಗ್ಯದ ಗಿಡ ಎಂಬ ನಂಬಿಕೆ ಜಯನಗರದಿಂದ ಬನಶಂಕರಿಯವರೆಗೆ, ಜೆ.ಪಿ. ನಗರದಿಂದ ಗಿರಿನಗರದವರೆಗೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಅದೊಂದು ಅಭಿಪ್ರಾಯ ಎಂಬುದೇ ನಮಗೆ ಮರೆತುಹೋಗಿದೆ. ಗುಡಿಸುವುದು, ಒರೆಸುವುದು, ಔಷಧಿ ಹೊಡೆಸುವುದು ಮೂರೂ ಶುಚಿತ್ವದ ಲೆಕ್ಕಕ್ಕೆ ಸೇರಿಬಿಟ್ಟಿವೆ. ಈ ನಂಬಿಕೆ ಸುಳ್ಳು. ಅದು ಗಿಡವನ್ನು ಉಳಿಸುವುದಿಲ್ಲ, ಹುಳವನ್ನು ತೊಲಗಿಸುವುದಿಲ್ಲ, ನಮ್ಮನ್ನು ಮಾತ್ರ ನಿಧಾನವಾಗಿ ತಿನ್ನುತ್ತದೆ.

ಮೊದಲು ಔಷಧಿ ಎಂಬ ಪದದ ವಿಷಯ. ಇಲಿಗೆ ಇಡುವುದನ್ನು ನಾವು ಪಾಷಾಣ ಎನ್ನುತ್ತೇವೆ. ಇಲಿ ಪಾಷಾಣದ ಪೊಟ್ಟಣವನ್ನು ಅಟ್ಟದ ಮೇಲೆ, ಮಕ್ಕಳ ಕೈಗೆಟುಕದ ಕಡೆ ಇಡುತ್ತೇವೆ, ಮುಟ್ಟಿದ ಮೇಲೆ ಕೈ ತೊಳೆಯುತ್ತೇವೆ. ಕರಿಬೇವಿಗೆ ಹೊಡೆಯುವುದು ಮಾತ್ರ ಔಷಧಿ. ಕರಾವಳಿಯ ಕಡೆ ಅದನ್ನು 'ಮದ್ದು ಬಿಡುವುದು' ಎನ್ನುತ್ತಾರೆ. ಹೆಸರು ಬದಲಾಗುತ್ತಿದ್ದಂತೆ ಭಯ ಹೊರಟುಹೋಗುತ್ತದೆ. ಭಯ ಹೋದಮೇಲೆ ಅಳತೆ ಹೋಗುತ್ತದೆ, ಕೈಗವಸು ಹೋಗುತ್ತದೆ, ಹೊಡೆದ ಮೂರನೇ ದಿನಕ್ಕೇ ಅದೇ ಸೊಪ್ಪು ಒಗ್ಗರಣೆಗೆ ಬೀಳುತ್ತದೆ.

ಈ ಪದಕ್ಕೆ ಕನ್ನಡಿಗರು ಎಂಥ ಬೆಲೆ ತೆತ್ತಿದ್ದಾರೆ ಎಂಬುದು ಕಾಸರಗೋಡಿನ ಎಣ್ಮಕಜೆಗೆ ಗೊತ್ತು. ಅಲ್ಲಿನ ಪಡ್ರೆಯಂಥ ಹಳ್ಳಿಗಳ ಸುತ್ತಲ ಸರ್ಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಪುಟ್ಟ ತಿಗಣೆಯ ವಿರುದ್ಧ ಅಷ್ಟೆಲ್ಲ. ಅದು ಬಾವಿಗೆ ಬಿತ್ತು, ತೋಡಿಗೆ ಬಿತ್ತು, ಅಂಗಳಕ್ಕೆ ಬಿತ್ತು. ಕರುಗಳು ವಿಕಾರವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು 1979ರಷ್ಟು ಹಿಂದೆಯೇ ಬರೆದರು. ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೊರಜಗತ್ತಿಗೆ ಹೇಳಿದರು. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳಲ್ಲೂ ಅದೇ ಕಥೆ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅಷ್ಟು ವರ್ಷವೂ ಅದು ಮದ್ದೇ ಆಗಿತ್ತು.

ಆ ಹೆಲಿಕಾಪ್ಟರೆಲ್ಲಿ, ನಮ್ಮ ಸ್ಪ್ರೇ ಬಾಟಲಿಯೆಲ್ಲಿ ಎನ್ನುವವರಿದ್ದಾರೆ. 30-40 ಸೈಟಿನ ಮನೆಯಲ್ಲಿ ಕರಿಬೇವಿನ ಗಿಡಕ್ಕೂ ಅಡುಗೆಮನೆಯ ಕಿಟಕಿಗೂ ನಡುವೆ ಎಷ್ಟು ಅಡಿ ಇರುತ್ತದೆ ಎಂದು ಅವರೇ ಅಳೆದು ನೋಡಲಿ. ಸಂಪಿನ ಮುಚ್ಚಳ ಎಲ್ಲಿದೆ, ಒಗೆದ ಬಟ್ಟೆ ಎಲ್ಲಿ ಒಣಗುತ್ತಿದೆ, ಮಗು ಎಲ್ಲಿ ಮಣ್ಣಾಡುತ್ತಿದೆ ಎಂದೂ ನೋಡಲಿ.

ಎರಡು ಬೇಸಿಗೆಯ ಹಿಂದೆ ನಮ್ಮ ದಾಸವಾಳಕ್ಕೆ ಬಿಳಿ ಹಿಡಿಯಿತು. ಒಂದು ನರ್ಸರಿಗೆ ಹೋಗಿ ತೋರಿಸಿದೆ. ಒಳಗಿನಿಂದ ಹಳೆಯ ನೀರಿನ ಬಾಟಲಿಯಲ್ಲಿ ಹಳದಿ ದ್ರವ ಬಂತು. "ಲೀಟರಿಗೆ ಒಂದು ಮುಚ್ಚಳ ಸಾರ್, ವಾರಕ್ಕೆರಡು ಸಲ. ಏನೂ ಆಗಲ್ಲ, ಔಷಧಿನೇ." ಬಾಟಲಿಗೆ ಚೀಟಿ ಇಲ್ಲ, ವಿಷದ ಹೆಸರಿಲ್ಲ, ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂಬ ಮಾತಿಲ್ಲ. ನೀರಿನ ಬಾಟಲಿ! ಬಾಯಾರಿದ ಮಗು ಮೊದಲು ಕೈ ಹಾಕುವುದೇ ಅದಕ್ಕೆ. ನಾನು ಅದನ್ನು ಅಲ್ಲೇ ಬಿಟ್ಟು ಬಂದೆ. ನನ್ನ ಹಿಂದೆ ನಿಂತಿದ್ದವರು ಕೊಂಡುಹೋದರು.

1968ರ ಕೀಟನಾಶಕ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇವನ್ನು ಮಾರುವಂತಿಲ್ಲ, ಚೀಟಿಯಿಲ್ಲದ ಬಾಟಲಿಗೆ ಸುರಿದು ಬಿಡಿಯಾಗಿ ಕೊಡುವಂತಿಲ್ಲ. ಚೀಟಿಯ ಮೇಲೆ ಬಣ್ಣದ ತ್ರಿಕೋನ ಇರಬೇಕು: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆ ತ್ರಿಕೋನದ ಅರ್ಥ ನಮ್ಮ ಬಡಾವಣೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಇನ್ನು 'ಸರ್ಕಾರ ಮಾರಲು ಬಿಟ್ಟಿದೆ, ಅಂದಮೇಲೆ ಅಪಾಯವಿಲ್ಲ' ಎಂಬ ಸಮಾಧಾನ. ಕಾರ್ಬರಿಲ್ ಎಷ್ಟೋ ಕಾಲ ಅಂಗಡಿಯಲ್ಲಿತ್ತು, 2018ರಲ್ಲಿ ನಿಷೇಧವಾಯಿತು. ತಿಗಣೆಗೆ, ಜಿರಳೆಗೆ ಮನೆಯೊಳಗೇ ಸಿಂಪಡಿಸುತ್ತಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ಕ್ಕೆ ನಿಂತಿತು. ನಿಷೇಧದ ಹಿಂದಿನ ದಿನ ಅದನ್ನು ಹೊಡೆಸಿಕೊಂಡವರ ಶ್ವಾಸಕೋಶಕ್ಕೆ ಅದು ನಿರಪಾಯವಾಗಿತ್ತೇ? ಇಂದು ಅಂಗಡಿಯಲ್ಲಿರುವುದರ ಸರದಿ ಯಾವಾಗ?

ವಿಷವಾದರೂ ಕೆಲಸ ಮಾಡುತ್ತದಲ್ಲ ಎನ್ನುತ್ತಾರೆ. ಮಾಡುವುದಿಲ್ಲ. ದಾಸವಾಳದ ಚಿಗುರಿಗೆ ಹತ್ತಿಯಂತೆ ಅಂಟುವ ಹಿಟ್ಟುತಿಗಣೆಯನ್ನೇ ನೋಡಿ. ಫೆಬ್ರುವರಿಯಿಂದ ಮೇವರೆಗಿನ ಒಣಹವೆ ಅದರ ಕಾಲ. ಜನ ಅದನ್ನು ಫಂಗಸ್ ಎಂದು ತಿಳಿಯುತ್ತಾರೆ. ಅದರ ಮೈಮೇಲೆ, ಮೊಟ್ಟೆಯ ಚೀಲದ ಮೇಲೆ ಮೇಣದ ಹೊದಿಕೆ. ನೀವು ಹೊಡೆದದ್ದು ಜಾರಿಹೋಗುತ್ತದೆ. ಆದರೆ ಅದನ್ನು ತಿನ್ನಲು ಬಂದ ಗುಲಗಂಜಿ ಹುಳಕ್ಕೆ, ಅದರ ಮೈಯೊಳಗೆ ಮೊಟ್ಟೆಯಿಡುವ ಸೂಕ್ಷ್ಮ ಕಣಜಕ್ಕೆ ಅಂಥ ಹೊದಿಕೆ ಇಲ್ಲ. ಅವು ಮೊದಲು ಸಾಯುತ್ತವೆ. ಮೂರು ವಾರದಲ್ಲಿ ಹಿಟ್ಟುತಿಗಣೆ ಮತ್ತೆ ಏಳುತ್ತದೆ, ಈ ಸಲ ತಡೆಯುವವರಿಲ್ಲದೆ. ಮತ್ತೆ ಹುಡುಗನನ್ನು ಕರೆಸುತ್ತೀರಿ, ಮತ್ತೆ ದುಡ್ಡು ಕೊಡುತ್ತೀರಿ. ಪೈರೆಥ್ರಾಯ್ಡ್ ಹೊಡೆದ ಗುಲಾಬಿ, ಬದನೆಗಳಲ್ಲಿ ಕೆಂಪು ನುಸಿ ಹೆಚ್ಚಾಗುವುದೂ ಹೀಗೆಯೇ. ತಿಂಗಳ ಗುತ್ತಿಗೆ ತಿಂಗಳು ತಿಂಗಳು ಬೇಕಾಗುವುದು ಯಾಕೆಂದು ಇನ್ನಾದರೂ ಯೋಚಿಸಬಾರದೇ?

ಇದರಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಒಂದಿದೆ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳವನ್ನು ಆಸ್ಟ್ರೇಲಿಯಾದಿಂದ 1898ರಲ್ಲೇ ಈ ದೇಶಕ್ಕೆ ತಂದರು. ಅದು ಇಲ್ಲಿ ನೆಲೆನಿಂತು ನಮ್ಮ ತೋಟಗಳ ಹಿಟ್ಟುತಿಗಣೆಯನ್ನು ತಿನ್ನುತ್ತ ಬಂದಿದೆ. ಅದರ ಮರಿ ನೋಡಲು ಥೇಟು ಹಿಟ್ಟುತಿಗಣೆಯಂತೆಯೇ: ಬಿಳಿ ಜುಂಗು, ಸ್ವಲ್ಪ ದೊಡ್ಡ ಗಾತ್ರ, ಚುರುಕಿನ ಓಡಾಟ. "ಅಯ್ಯೋ, ದೊಡ್ಡ ದೊಡ್ಡದಾಗಿಬಿಟ್ಟಿವೆ" ಎಂದು ಗಾಬರಿಬಿದ್ದು ನಾವು ಮೊದಲು ಹೊಸಕಿಹಾಕುವುದು ಇದನ್ನೇ. ಒಂದು ನಿಮಿಷ ನಿಂತು ನೋಡಿದರೆ ಅದು ಇನ್ನೊಂದನ್ನು ಹಿಡಿದು ತಿನ್ನುವುದು ಕಣ್ಣಿಗೇ ಬೀಳುತ್ತದೆ. ಆ ಒಂದು ನಿಮಿಷ ನಮಗಿಲ್ಲ.

ಇದು ಕವಿಕಲ್ಪನೆಯಲ್ಲ, ನಮ್ಮೂರಿನ ವಿಜ್ಞಾನ. ಪಪಾಯಿಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ತಮಿಳುನಾಡು, ಕರ್ನಾಟಕಗಳ ಪಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನೆಲ್ಲ ಆವರಿಸಿತು. ರೈತರು ಇದ್ದಬದ್ದ ವಿಷವನ್ನೆಲ್ಲ ಹೊಡೆದು ಸೋತರು. 2010ರಲ್ಲಿ ನಮ್ಮ ಹೆಬ್ಬಾಳದ ಕೀಟ ಸಂಸ್ಥೆಯ (ಈಗ ಅದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ಬಿಟ್ಟರು. ಅದರಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ್ದು. ಡ್ರಮ್ಮುಗಟ್ಟಲೆ ವಿಷಕ್ಕೆ ಬಗ್ಗದ ಪಿಡುಗನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಜೀವ ಹದ್ದುಬಸ್ತಿಗೆ ತಂದಿತು. ಗಿರಿನಗರದಿಂದ ಹೆಬ್ಬಾಳ ಎಷ್ಟು ದೂರ? ಒಂದೇ ಊರಿನ ಎರಡು ತುದಿ. ಆ ತುದಿಯಲ್ಲಿ ಬೆಳೆಸಿ ಬಿಟ್ಟದ್ದನ್ನು ಈ ತುದಿಯಲ್ಲಿ ದುಡ್ಡು ಕೊಟ್ಟು ಕೊಲ್ಲಿಸುತ್ತಿದ್ದೇವೆ.

ಈಗ ನಮ್ಮ ಮನೆಗಳ ಮುಂದಿನ ನಂದಿಬಟ್ಟಲಿಗೆ ಬನ್ನಿ. ಮಳೆ ಶುರುವಾದೊಡನೆ ಅದರ ಎಲೆ ಯಾರೋ ಕತ್ತರಿಸಿದಂತೆ ಮಾಯವಾಗುತ್ತದೆ. ಹುಡುಕಿದರೆ ಬೆರಳುದ್ದದ ಹಸಿರು ಹುಳ, ಕುತ್ತಿಗೆಯ ಹತ್ತಿರ ಎರಡು ನೀಲಿ ಕಣ್ಣುಗಳಂಥ ಗುರುತು. ಒಂದು ಕಿರುಚಾಟ, ಒಂದು ಸ್ಪ್ರೇ, ಅದರ ಕಥೆ ಮುಗಿಯಿತು. ಅದು ಹಾಕ್‌ಮಾತ್ ಎಂಬ ದೊಡ್ಡ ಪತಂಗದ ಮರಿ. ಬೆಳೆದ ಮೇಲೆ ಕತ್ತಲಲ್ಲಿ ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು ಮಕರಂದ ಹೀರುತ್ತದೆ. ಅದೇ ಮನೆಯ ತಾರಸಿಯಲ್ಲಿ ಸೋರೆಬಳ್ಳಿ ಇರುತ್ತದೆ. ಸೋರೆಯ ಬಿಳಿ ಹೂ ಅರಳುವುದು ಸಂಜೆಗೆ, ಅದಕ್ಕೆ ಬೇಕಾದದ್ದು ಇಂಥ ರಾತ್ರಿಯ ಪತಂಗಗಳೇ. ಅವು ಬರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಹೀಚು ಉದುರಿದ್ದನ್ನು ಕಂಡು ಮನೆಯವರು ರೋಗ ಬಂದಿದೆ ಎಂದು ಇನ್ನೊಂದು ಬಾಟಲಿ ತರುತ್ತಾರೆ! ಕೆಳಗಿನ ಅಂಗಳದಲ್ಲಿ ಪತಂಗದ ಮರಿಯನ್ನು ಕೊಂದವರು ಮೇಲಿನ ತಾರಸಿಯಲ್ಲಿ ಸಂಜೆ ಏಳು ಗಂಟೆಗೆ ಬ್ರಷ್ ಹಿಡಿದು ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಸವರುತ್ತ ನಿಂತಿರುವುದನ್ನು ನಾನು ಕಂಡಿದ್ದೇನೆ.

ಟೊಮೇಟೊ, ಬದನೆಯದೂ ಇಂಥದೇ ಕಷ್ಟ. ಅವುಗಳ ಪರಾಗ ಚೆನ್ನಾಗಿ ಉದುರಬೇಕಾದರೆ ಹೂವನ್ನು ಹಿಡಿದು ಗುಂಯ್‌ಗುಡುವ ದುಂಬಿ ಬೇಕು. ಸಾಮಾನ್ಯ ಜೇನಿಗೆ ಆ ವಿದ್ಯೆ ಇಲ್ಲ. ಒಣಮರದಲ್ಲಿ ತೂತು ಕೊರೆದು ಬಾಳುವ ಕರಿದುಂಬಿಯನ್ನು ಚಪ್ಪಲಿಯಲ್ಲಿ ಹೊಡೆಯುತ್ತೇವೆ, ಒಣಕೊಂಬೆಯನ್ನು ಕಸದ ಗಾಡಿಗೆ ಹಾಕುತ್ತೇವೆ. ಇನ್ನು ಗಿಡದ ಬೇರಿಗೆ ಹಾಕುವ ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ವಿಷ ಎಲೆಗೆ, ಮಕರಂದಕ್ಕೆ, ಪರಾಗಕ್ಕೆ ಏರುತ್ತದೆ. ಜೇನುನೊಣಗಳ ಸಲುವಾಗಿ ಯುರೋಪಿನ ಒಕ್ಕೂಟ 2018ರಲ್ಲಿ ಅದನ್ನು ಬಯಲಿನ ಬೆಳೆಗಳಿಂದ ಹೊರಹಾಕಿತು. ನಾವು ಅದೇ ವಿಷ ಕುಡಿದ ದಾಸವಾಳವನ್ನು ದೇವರಿಗೆ ಏರಿಸುತ್ತೇವೆ, ಅದೇ ಹೂವಿಗೆ ಸೂರಕ್ಕಿ ಕೊಕ್ಕು ಹಾಕುತ್ತದೆ.

ನುಗ್ಗೆಮರದ ಗೋಳು ಇನ್ನೂ ದೊಡ್ಡದು. ರೋಹಿಣಿ, ಮೃಗಶಿರದ ಮಳೆ ಬಿದ್ದ ಮೇಲೆ ಅದರ ಕಾಂಡಕ್ಕೆ ಕಂಬಳಿಹುಳಗಳು ಕಂಬಳಿಯಂತೆಯೇ ಹಾಸಿಕೊಳ್ಳುತ್ತವೆ. ಮೈಗೆ ತಾಗಿದರೆ ನವೆ, ದದ್ದು, ನಿಜ. ಅದಕ್ಕೆ ಏನು ಮಾಡುತ್ತೇವೆ? ಸೀಮೆಎಣ್ಣೆಯ ಪಂಜು ಕಟ್ಟಿ ಸುಡುತ್ತೇವೆ, ಜೊತೆಗೆ ಮರದ ತೊಗಟೆಯನ್ನೂ ಬೇಯಿಸುತ್ತೇವೆ. ಮುಂದಿನ ವರ್ಷ ಮತ್ತೆ ಬಂದಾಗ ಮರವನ್ನೇ ಕಡಿಸುತ್ತೇವೆ. ನಮ್ಮ ರಸ್ತೆಯಲ್ಲಿ ಹೀಗೆ ಹೋದ ನುಗ್ಗೆಮರಗಳ ಜಾಗದಲ್ಲೆಲ್ಲ ಈಗ ಸಿಮೆಂಟಿನ ಇಟ್ಟಿಗೆ ಹಾಸಿದೆ. ನುಗ್ಗೆಕಾಯಿ, ಸೊಪ್ಪನ್ನು ಅಂಗಡಿಯಿಂದ ತರುತ್ತೇವೆ. ಹಗಲಿನಲ್ಲಿ ಆ ಕಂಬಳಿಹುಳಗಳೆಲ್ಲ ಕಾಂಡದ ಮೇಲೆ ಒಂದೇ ಕಡೆ ಗುಂಪಾಗಿ ಕೂತಿರುತ್ತವೆ. ಮೈತುಂಬ ಬಟ್ಟೆ ಹಾಕಿಕೊಂಡು, ಉದ್ದನೆಯ ಕೋಲಿಗೆ ಹಳೆಯ ಪೊರಕೆ ಕಟ್ಟಿ, ಸೋಪಿನ ನೀರಿನ ಬಕೆಟ್ಟಿಗೆ ಗುಡಿಸಿ ಹಾಕಿದರೆ ಅರ್ಧ ಗಂಟೆಯ ಕೆಲಸ. ಎಲೆ ಹೋದ ನುಗ್ಗೆ ಮತ್ತೆ ಚಿಗುರುತ್ತದೆ, ಅದರಷ್ಟು ಗಟ್ಟಿಜೀವದ ಮರ ಇನ್ನೊಂದಿಲ್ಲ. ಹೆಚ್ಚಿನ ಹಕ್ಕಿಗಳು ಮುಟ್ಟದ ಈ ಕೂದಲುಹುಳವನ್ನು ಚಾತಕ ಮತ್ತು ಅದರ ಬಳಗದ ಕೋಗಿಲೆಗಳು ಹುಡುಕಿ ತಿನ್ನುತ್ತವೆ. ವಿಷ ಕುಡಿದು ಒದ್ದಾಡುವ ಹುಳವನ್ನು ತಿಂದ ಹಕ್ಕಿಯ ಗತಿ ಏನು ಎಂದು ಪಂಪು ಒತ್ತುವ ಮುನ್ನ ಯೋಚಿಸಿದವರು ಯಾರು?

ಹಕ್ಕಿಯ ಮಾತು ಬಂತು. ಪ್ರತಿ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ. ಶಾಲೆಗಳಲ್ಲಿ ಚಿತ್ರ ಬರೆಸುತ್ತಾರೆ, ಬಾಲ್ಕನಿಗಳಿಗೆ ಮರದ ಗೂಡು ನೇತುಹಾಕುತ್ತಾರೆ, ಬಟ್ಟಲಲ್ಲಿ ಅಕ್ಕಿ ಇಡುತ್ತಾರೆ. ಗುಬ್ಬಿಯ ಮರಿ ಅಕ್ಕಿ ತಿನ್ನುವುದಿಲ್ಲ. ಮೊದಲ ದಿನಗಳಲ್ಲಿ ಅದಕ್ಕೆ ಬೇಕಾದದ್ದು ಮೆತ್ತಗಿನ ಹುಳ, ಸಸ್ಯಹೇನು, ಸಣ್ಣ ಕಂಬಳಿಹುಳ. ಅವನ್ನೆಲ್ಲ ಕೊಂದು, ಖಾಲಿ ಗೂಡಿನ ಕೆಳಗೆ ನಿಂತು, ಬೆಂಗಳೂರಿನ ಗುಬ್ಬಚ್ಚಿಗಳೆಲ್ಲ ಎಲ್ಲಿ ಹೋದವು ಎಂದು ಮಕ್ಕಳೆದುರು ನಿಟ್ಟುಸಿರು ಬಿಡುವ ಹಕ್ಕು ನಮಗಿದೆಯೇ?

ಡೆಂಗಿಗೆ ಏನು ಮಾಡೋಣ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಬರಲೇಬೇಕು, 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದೇ ಆದೇಶ ಮನೆಯಲ್ಲಿ ಸೊಳ್ಳೆ ಮರಿಯಾಗಲು ಬಿಟ್ಟವರಿಗೆ ದಂಡ ಹಾಕುವ ಅಧಿಕಾರವನ್ನೂ ಕೊಟ್ಟಿತು. ದಂಡ ನಿಂತ ನೀರಿಗೆ ಎಂಬುದನ್ನು ಗಮನಿಸಿ, ಹೊಗೆ ಹಾಕಿಸದೆ ಇದ್ದದ್ದಕ್ಕಲ್ಲ. ಡೆಂಗಿಯ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಹೂಕುಂಡದ ಕೆಳಗಿನ ತಟ್ಟೆಯಲ್ಲಿ, ಮುಚ್ಚದ ಡ್ರಮ್ಮಿನಲ್ಲಿ, ತಾರಸಿಯ ಮೂಲೆಗೆಸೆದ ಎಳನೀರ ಬುರುಡೆಯಲ್ಲಿ. ಒಂದು ವಾರ, ಹತ್ತು ದಿನದಲ್ಲಿ ಅದು ಹಾರುತ್ತದೆ. ಹೊಗೆ ತಾಗುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗೆ ಮಾತ್ರ, ನೀರಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಆ ಹೊಗೆಯಲ್ಲಿ ಸೊಳ್ಳೆಯನ್ನೇ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯೂ ಸಾಯುತ್ತದೆ, ಜೇಡವೂ ಸಾಯುತ್ತದೆ. ವಾರಕ್ಕೊಮ್ಮೆ ತಟ್ಟೆ ಮಗುಚಿ ಉಜ್ಜುವ ಕೆಲಸ ನಮ್ಮದು. ಅದನ್ನು ತಪ್ಪಿಸಿಕೊಂಡು, ಪಾಲಿಕೆಯ ಹೊಗೆಯ ಗಾಡಿ ಬರಲಿಲ್ಲವೆಂದು ಕೂಗಾಡುವುದರಿಂದ ಯಾವ ಮಗುವಿನ ಜ್ವರವೂ ಇಳಿಯುವುದಿಲ್ಲ.

ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನಡಿ ಹೆಜ್ಜೇನು ಕಟ್ಟಿದಾಗ ರಾತ್ರೋರಾತ್ರಿ ನಡೆಯುವ ಕೊಲೆಯ ಬಗ್ಗೆ ಒಂದೇ ಮಾತು. ಹೆಜ್ಜೇನು ವಲಸೆಯ ಜೀವ, ಕೆಲವು ತಿಂಗಳು ಇದ್ದು ತಾನೇ ಹೊರಡುತ್ತದೆ. ಅಷ್ಟು ದಿನ ಆ ಬಾಲ್ಕನಿಯ ಬಾಗಿಲು ಮುಚ್ಚಿ, ಸಂಜೆ ಆ ದಿಕ್ಕಿನ ದೀಪ ಆರಿಸಲು ಆಗದವರು ಊಟಕ್ಕೆ ಮುಂಚೆ ಎಲೆಯ ಮೇಲೆ ಬಿದ್ದ ಪಲ್ಯಗಳನ್ನೊಮ್ಮೆ ಎಣಿಸಿಕೊಳ್ಳಲಿ, ಅವುಗಳಲ್ಲಿ ಎಷ್ಟು ಜೇನಿಲ್ಲದೆ ಕಾಯಿಕಟ್ಟುತ್ತಿದ್ದವು ಎಂದು.

ವಿಷ ಬಿಟ್ಟು ಬೇವಿನೆಣ್ಣೆ ಹಿಡಿದವರಿಗೂ ಒಂದು ಮಾತು ಹೇಳಬೇಕು. ಹುಳ ಇರಲಿ ಬಿಡಲಿ, ವಾರವಾರ ಗಿಡಕ್ಕೆಲ್ಲ ಎಣ್ಣೆ ಮೀಯಿಸುವುದೂ ಅದೇ ಹಳೆಯ ಚಾಳಿ. ಮೆತ್ತಗಿನ ಮೈಯ ಮರಿಗಳಿಗೆ, ಗುಲಗಂಜಿಯ ಮರಿಯೂ ಸೇರಿದಂತೆ, ಅದೂ ಪೆಟ್ಟೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ; ಹುಳ ಕೂತ ಕೊಂಬೆಗೆ ಮಾತ್ರ, ಸಂಜೆ ಹೊತ್ತು ಹಾಕಿ. ಅದಕ್ಕೂ ಮೊದಲು ಬಟ್ಟೆಯಿಂದ ಒರೆಸಿ, ಪೈಪಿನ ನೀರಿನ ರಭಸಕ್ಕೆ ತೊಳೆಯಿರಿ, ತೀರಾ ಹಿಡಿದ ತುದಿಯನ್ನು ಕತ್ತರಿಸಿ. ಚಳಿಗಾಲದಲ್ಲಿ ಅವರೆಗೆ ಹೇನು ಬಿದ್ದರೆ ನಮ್ಮ ಅಜ್ಜಿ ಇಬ್ಬನಿ ಆರುವ ಮುನ್ನ ಒಲೆಯ ಬೂದಿ ಎರಚುತ್ತಿದ್ದರು. ಕಾಂಡದ ಮೇಲೆ ಇರುವೆಯ ಸಾಲು ಕಂಡರೆ ಅದರ ಬೆನ್ನುಹತ್ತಿ ನೋಡಿ: ಸಿಹಿ ಅಂಟಿಗಾಗಿ ಹೇನು, ಹಿಟ್ಟುತಿಗಣೆಗಳನ್ನು ದನದಂತೆ ಸಾಕಿ, ಗುಲಗಂಜಿಯನ್ನು ಓಡಿಸುವುದು ಆ ಇರುವೆಯೇ. ಇರುವೆಯ ದಾರಿ ತಡೆದರೆ ಅರ್ಧ ಯುದ್ಧ ಮುಗಿದಂತೆ. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತು ಆಮೇಲೆ ಹಸಿರಾಗುವ ಚಿಟ್ಟೆಯ ಮರಿಗಂತೂ ಏನೂ ಮಾಡಬೇಕಾಗಿಲ್ಲ. ಎರಡು ಮೂರು ವಾರ, ಒಂದೆರಡು ರೆಂಬೆಯ ಎಲೆ, ಅಷ್ಟೇ ಅದರ ಪಾಲು. ಆ ಪಾಲನ್ನೂ ಕೊಡಲಾರದಷ್ಟು ಬಡವರೇ ನಾವು?

ಇದೆಲ್ಲ ನಗರದಲ್ಲಿ ನಡೆಯದು ಎಂಬ ಮಾತನ್ನು ಈ ಊರೇ ಸುಳ್ಳು ಮಾಡಿ ತೋರಿಸಿದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸಿದ ಡಾ. ಬಿ.ಎನ್. ವಿಶ್ವನಾಥ್ ಅವರು ವಿಷವಿಲ್ಲದ ತಾರಸಿ ತೋಟವನ್ನು ಬೆಂಗಳೂರಿನ ಸಾವಿರಾರು ಮನೆಗಳಿಗೆ ಹೇಳಿಕೊಟ್ಟರು. ಹುಳಗಳನ್ನೇ ಓದಿಕೊಂಡವರು ಹುಳ ಕಂಡೊಡನೆ ಹೊಡೆಯಬೇಡಿ ಎನ್ನುತ್ತಾರೆ. ಒಂದು ಹುಳದ ಹೆಸರೂ ಗೊತ್ತಿಲ್ಲದ ನಾವು ಎಲ್ಲವನ್ನೂ ಹೊಡೆಸುತ್ತಿದ್ದೇವೆ.

ಆದ್ದರಿಂದ ಗಿರಿನಗರದ, ಬನಶಂಕರಿಯ, ಜೆ.ಪಿ. ನಗರದ ಎಲ್ಲ ನಿವಾಸಿ ಸಂಘಗಳ ಪದಾಧಿಕಾರಿಗಳೇ, ನೇರವಾಗಿ ಕೇಳುತ್ತೇನೆ. ಈ ತಿಂಗಳ ಸಭೆಯಲ್ಲಿ ಗಿಡಗಳಿಗೆ ಹೊಡೆಸುವ ಗುತ್ತಿಗೆಯನ್ನು ರದ್ದು ಮಾಡಿ. ಆ ಹುಡುಗನ ಕೆಲಸ ಕಳೆಯಬೇಡಿ. ಅದೇ ದುಡ್ಡಿಗೆ ಅವನ ಕೈಗೆ ನೀರಿನ ಪೈಪು, ಕತ್ತರಿ, ಕೈಗವಸು ಕೊಡಿ, ವಾರಕ್ಕೊಮ್ಮೆ ಮನೆಮನೆಯ ತಟ್ಟೆ, ಡ್ರಮ್ಮು ನೋಡಿ ಬರಲು ಕಳಿಸಿ. ಸೂಚನಾ ಫಲಕದಲ್ಲಿ ಔಷಧಿ ಎಂಬ ಪದವನ್ನು ಅಳಿಸಿ ವಿಷ ಎಂದು ಬರೆಯಿರಿ, ಯಾವ ವಿಷ, ಯಾವ ಬಣ್ಣದ ತ್ರಿಕೋನ ಎಂದೂ ಬರೆಯಿರಿ. ಆಮೇಲೆ ಎಷ್ಟು ಮನೆಯವರು ಒಪ್ಪುತ್ತಾರೋ ನೋಡಿ. ಉದ್ಯಾನದ ಒಂದು ಮೂಲೆಯಲ್ಲಿ ಒಣಎಲೆ, ಒಣಕೊಂಬೆ ಬಿದ್ದಿರಲಿ, ಅದನ್ನು ಯಾರೂ ಗುಡಿಸಬಾರದು. ಚೀಟಿಯಿಲ್ಲದ ಬಾಟಲಿಯಲ್ಲಿ ಮಾರುವ ಅಂಗಡಿಯ ಬಗ್ಗೆ ಕೃಷಿ ಇಲಾಖೆಗೆ ದೂರು ಬರೆಯಿರಿ, ಮೊದಲ ಸಹಿ ನನ್ನದಿರಲಿ.

ಮುಂದಿನ ಸರದಿಯ ಸೂಚನೆ ನಾಳೆಯೋ ನಾಡಿದ್ದೋ ಗುಂಪಿಗೆ ಬರುತ್ತದೆ. ಅದರ ಕೆಳಗೆ ಕೈಮುಗಿದ ಚಿತ್ರದ ಬದಲು 'ನಮ್ಮ ಮನೆಯ ಮುಂದೆ ಬೇಡ' ಎಂದು ಬರೆಯಿರಿ. ನಾನು ಬರೆದಾಗಿದೆ. ಇನ್ನೂ ಹತ್ತು ಮನೆಯವರು ಬರೆದರೆ ಆ ಟ್ಯಾಂಕು ನಮ್ಮ ರಸ್ತೆಯ ತಿರುವಿನಲ್ಲೇ ನಿಲ್ಲುತ್ತದೆ.